ಮೈನಸ್ ಇಪ್ಪತ್ತೈದರಲ್ಲಿ ಒಂದು ಟ್ರಕ್ಕು

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ದುಬೈಯ ರಾಸ್ ಅಲ್ ಖೋರಿನ ಗ್ಯಾರೇಜಿಗೆ ಬಂದು ನಿಂತ ಆ ಬಿಳಿ ಟ್ರಕ್ಕಿನ ಮೂತಿಯಿಂದ ಒಂದು ಕರಿಯ ವಯರು ನೇತಾಡುತ್ತಿತ್ತು. ವಯರಿನ ತುದಿಯಲ್ಲಿ ಮೂರು ಕಡ್ಡಿಯ ಪ್ಲಗ್ಗು. ಫಿಡೆಲಿಸ್ ಕ್ರಾಸ್ತಾ ಅದನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. ಗಾಡಿಗಳ ಇಲೆಕ್ಟ್ರಿಕ್ ಕೆಲಸದಲ್ಲಿ ಅವನದು ಇಪ್ಪತ್ತೇಳು ವರ್ಷದ ಕೈ. ಆದರೆ ಇಸ್ತ್ರಿಪೆಟ್ಟಿಗೆಯ ಹಾಗೆ ಗೋಡೆಯ ಸಾಕೆಟ್ಟಿಗೆ ಚುಚ್ಚುವ ಡೀಸೆಲ್ ಗಾಡಿಯನ್ನು ಅವನು ಆವತ್ತಿನ ತನಕ ಕಂಡಿರಲಿಲ್ಲ.

“ಇದೆಂತ ಡಾಕ್ಟ್ರೆ? ಯಾರೋ ಮನೆ ಗುಡಿಸುವ ಮೆಷಿನ್ನಿನ ವಯರು ತಂದು ಕಟ್ಟಿದ ಹಾಗುಂಟು.”

ಡಾಕ್ಟರ್ ಹಫೀಝಾ ನಕ್ಕರು. ಉಳ್ಳಾಲದ ಕಡೆಯವರು, ದುಬೈಯ ಆಸ್ಪತ್ರೆಯೊಂದರಲ್ಲಿ ಕಣ್ಣಿನ ಡಾಕ್ಟರು. ತಮ್ಮ ಕಾರನ್ನು ಎಂಟು ವರ್ಷದಿಂದ ಫಿಡೆಲಿಸನ ಕೈಗೇ ಕೊಡುತ್ತಿದ್ದರು.

“ಅದು ಎಂಜಿನ್ ಬಿಸಿ ಮಾಡುವ ಹೀಟರಿನ ವಯರು, ಫಿಡೆಲಿಸಣ್ಣ. ಗಾಡಿ ಕೆನಡಾದ್ದು. ಅಲ್ಲಿ ರಾತ್ರಿ ಇದನ್ನು ಪ್ಲಗ್ಗಿಗೆ ಹಾಕಿ ಮಲಗ್ತಾರಂತೆ. ಇಲ್ಲದಿದ್ರೆ ಬೆಳಿಗ್ಗೆ ಸ್ಟಾರ್ಟ್ ಆಗುದಿಲ್ಲ.”

“ಬಿಸಿ ಮಾಡುದಾ? ಎಂಜಿನ್ನನ್ನಾ?”

ಪಕ್ಕದಲ್ಲಿ ರೇಡಿಯೇಟರು ಬಿಚ್ಚುತ್ತಿದ್ದವರು ಸ್ಪ್ಯಾನರು ಕೆಳಗಿಟ್ಟು ನಕ್ಕರು. ನಗುವ ಮಾತೇ. ಶೆಡ್ಡಿನ ಹೊರಗೆ ಆಗಲೇ ನಲವತ್ತನಾಲ್ಕು ಡಿಗ್ರಿ. ತನ್ನೂರು ಶಿರ್ವದಿಂದ ಬಂದ ದಿನದಿಂದ ಫಿಡೆಲಿಸ್ ಮಾಡಿದ್ದೆಲ್ಲ ಸೆಕೆಯ ಜೊತೆಗಿನ ಜಗಳವೇ: ಕುದಿಯುವ ರೇಡಿಯೇಟರು, ಸುಟ್ಟ ಫ್ಯಾನು, ತಂಪು ಬಾರದ ಏಸಿ. ಎಂಜಿನ್ನನ್ನು ಬಿಸಿ ಮಾಡಿ ಕೊಡು ಎಂದು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ.

ಡಾಕ್ಟರು ನಗು ನಿಲ್ಲಿಸಿ ವಿಷಯ ಹೇಳಿದರು. ಚಳಿಗಾಲದಲ್ಲಿ ಒಂದು ತಿಂಗಳ ರಜೆ ಹಾಕಿ ಅವರು ಕಿರ್ಗಿಸ್ತಾನದ ಬೆಟ್ಟಗಳಿಗೆ ಹೋಗಿ ಕಣ್ಣಿನ ಪೊರೆಯ ಆಪರೇಷನ್ ಮಾಡುವುದಿತ್ತು. ಬೇಸಗೆಯಲ್ಲಿ ಅಲ್ಲಿನ ಜನ ಕುರಿ, ಕುದುರೆ ಹೊಡೆದುಕೊಂಡು ಎತ್ತರದ ಹುಲ್ಲುಗಾವಲಿಗೆ ಹೋಗಿಬಿಡುತ್ತಾರೆ, ಊರಲ್ಲಿ ಸಿಗುವುದು ಚಳಿಗಾಲದಲ್ಲೇ. ಕಳೆದ ವರ್ಷ ಬಾಡಿಗೆಗೆ ಹಿಡಿದ ಟ್ರಕ್ಕು ಒಂದು ಬೆಳಿಗ್ಗೆ ಸ್ಟಾರ್ಟೇ ಆಗಲಿಲ್ಲ. ಮೈನಸ್ ಇಪ್ಪತ್ತೆಂಟು. ಆಪರೇಷನ್ನಿನ ಸಾಮಾನೆಲ್ಲ ಟ್ರಕ್ಕಿನೊಳಗೆ, ಟ್ರಕ್ಕು ಒಂದು ಊರಲ್ಲಿ, ಜನ ಇನ್ನೊಂದು ಊರಲ್ಲಿ.

“ಒಬ್ಬ ಅಜ್ಜಿಯನ್ನು ಮನೆಯವರು ಕುದುರೆ ಮೇಲೆ ಕೂರಿಸಿ ಹನ್ನೊಂದು ಕಿಲೋಮೀಟರು ತಂದಿದ್ದರಂತೆ. ಸಂಜೆತನಕ ಕಾದು ಹಾಗೇ ವಾಪಸ್ ಹೋದರು. ಮತ್ತೆ ಆ ಅಜ್ಜಿ ಸಿಗಲಿಲ್ಲ ನಮಗೆ. ಈ ಸಲ ನಮ್ಮದೇ ಗಾಡಿ ಇರಲಿ ಅಂತ ನಾವು ಕೆಲವರು ಸೇರಿ ಶಾರ್ಜಾದ ಹರಾಜಲ್ಲಿ ಇದನ್ನು ತಗೊಂಡೆವು. ಇಪ್ಪತ್ತೆಂಟು ವರ್ಷದ ಗಾಡಿ. ಹೀಟರು ಕೆಲಸ ಮಾಡ್ತದಾ ಇಲ್ವಾ, ನೀವು ನೋಡಿ ಹೇಳಬೇಕು.”

“ನೋಡುವ ಡಾಕ್ಟ್ರೆ. ವಯರು ಅಂದ್ಮೇಲೆ ವಯರೇ ಅಲ್ವಾ,” ಎಂದ ಫಿಡೆಲಿಸ್.

ಆ ಮಾತಿನಲ್ಲಿ ಸ್ವಲ್ಪ ಜಂಬವಿತ್ತು. ಡಾಕ್ಟರು ಹೋದ ಮೇಲೆ ಅವನು ಡಬ್ಬ ಹುಡುಕಿ ಒಂದು ಅಡಾಪ್ಟರು ತೆಗೆದ, ಟ್ರಕ್ಕಿನ ಪ್ಲಗ್ಗಿಗೆ ಅದನ್ನು ಸಿಕ್ಕಿಸಿದ, ಗೋಡೆಯ ಸಾಕೆಟ್ಟಿಗೆ ಚುಚ್ಚಿ ಸ್ವಿಚ್ಚು ಒತ್ತಿದ.

ಬಂಪರಿನ ಹಿಂದೆ ಚಟ್ಟೆಂದು ಸದ್ದಾಯಿತು. ಶೆಡ್ಡಿನ ದೀಪ ಹೋಯಿತು, ಕಂಪ್ರೆಸರು ನಿಂತಿತು, ಗೋಡೆಗಿದ್ದ ಎರಡು ದೊಡ್ಡ ಫ್ಯಾನುಗಳು ನಿಧಾನವಾಗಿ ಸುತ್ತಿ ಸುತ್ತಿ ಸುಮ್ಮನಾದವು. “ಖಲಾಸ್!” ಎಂದು ಯಾರೋ ಒಳಗಿಂದ ಕೂಗಿದರು.

ಬ್ರೇಕರು ಎತ್ತಿ ಬಂದ ಮೇಲೆ ಫಿಡೆಲಿಸ್ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದ. ಪ್ಲಗ್ಗಿನ ಬಳಿ ಅಂಟಿದ್ದ ಹಳೆಯ ಪಟ್ಟಿಯನ್ನು ಬಟ್ಟೆಯಿಂದ ಒರಸಿದ. ಮಾಸಿದ ಅಕ್ಷರದಲ್ಲಿ ನೂರ ಇಪ್ಪತ್ತು ವೋಲ್ಟು ಎಂದಿತ್ತು. ಅವನು ಕೊಟ್ಟದ್ದು ಅದರ ಎರಡು ಪಟ್ಟು.

ಮೀಟರು ತಂದು ಪ್ಲಗ್ಗಿನ ಎರಡು ಕಡ್ಡಿಗಳಿಗೆ ಹಿಡಿದ. ಮುಳ್ಳು ಅಲುಗಲಿಲ್ಲ. ಒಳಗೆಲ್ಲೋ ತುಂಡಾಗಿದೆ. ಹೀಟರಿನ ಸುರುಳಿ ಸುಟ್ಟೇ ಹೋಗಿರಬೇಕು, ಅದೂ ತನ್ನ ಕೈಯಿಂದಲೇ. ಮಧ್ಯಾಹ್ನ ಊಟದ ಡಬ್ಬಿ ತೆರೆದವನು ಹಾಗೇ ಮುಚ್ಚಿಟ್ಟ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದಕ್ಕೆ ಇಪ್ಪತ್ತೇಳು ವರ್ಷ ಅಡ್ಡ ಬಂತಲ್ಲ ಎಂದು ತನ್ನನ್ನೇ ಬೈದುಕೊಂಡ. ಸಂಜೆ ಡಾಕ್ಟರಿಗೆ ಫೋನು ಮಾಡಿ ಏನನ್ನೂ ಮುಚ್ಚದೆ ಹೇಳಿದ.

“ನಾನು ಓದದೆ ಹಾಕಿದೆ ಡಾಕ್ಟ್ರೆ. ತಪ್ಪು ನನ್ನದೇ. ಸುಟ್ಟಿದೆ ಕಾಣ್ತದೆ.”

“ಕಾಣ್ತದೆ ಅಂದ್ರೆ? ಹೀಟರನ್ನೇ ನೋಡಿದ್ರಾ, ಅಲ್ಲ ಪ್ಲಗ್ಗಿನಿಂದ ನೋಡಿದ್ದಾ?”

“ಪ್ಲಗ್ಗಿನಿಂದ.”

“ಹಾಗಾದ್ರೆ ನಡುವೆ ಅಷ್ಟುದ್ದ ವಯರುಂಟಲ್ಲ ಮಾರಾಯ್ರೆ. ನಾಳೆ ಹೀಟರನ್ನೇ ನೋಡಿ, ಆಮೇಲೆ ಬೇಜಾರು ಮಾಡುವ.”

ಮರುದಿನ ಬೆಳಿಗ್ಗೆ ಫಿಡೆಲಿಸ್ ರಟ್ಟು ಹಾಸಿ ಟ್ರಕ್ಕಿನ ಅಡಿಗೆ ಜಾರಿದ. ಎಂಜಿನ್ನಿನ ಬಲಬದಿಯಲ್ಲಿ, ಎಣ್ಣೆ ಮಣ್ಣು ಮೆತ್ತಿದ ಮೂಲೆಯಲ್ಲಿ, ಅಂಗೈಗಿಂತ ಚಿಕ್ಕದೊಂದು ಹಿತ್ತಾಳೆಯ ಮುಖ ಕಂಡಿತು. ಹೀಟರಿನ ಉಳಿದ ಭಾಗವೆಲ್ಲ ಬ್ಲಾಕಿನ ಒಳಗೆ, ನೀರು ಓಡಾಡುವ ಜಾಗದಲ್ಲಿ. ವಯರನ್ನು ಅದರಿಂದ ಎಳೆದು ಬಿಡಿಸಿ, ಹಿತ್ತಾಳೆಯ ಒಳಗಿದ್ದ ಎರಡು ಕಡ್ಡಿಗಳಿಗೆ ಮೀಟರು ಹಿಡಿದ.

ಹದಿನಾಲ್ಕು ಓಮು.

ನಂಬಿಕೆಯಾಗದೆ ಮತ್ತೊಮ್ಮೆ ಹಿಡಿದ. ಹದಿನಾಲ್ಕೇ. ನೂರ ಇಪ್ಪತ್ತು ವೋಲ್ಟಿನ ಸಾವಿರ ವ್ಯಾಟು ಹೀಟರಿಗೆ ಎಷ್ಟಿರಬೇಕೋ ಅಷ್ಟು. ಒಂದು ಕಡ್ಡಿಗೂ ಎಂಜಿನ್ನಿನ ಮೈಗೂ ಹಿಡಿದು ನೋಡಿದ, ಎಲ್ಲಿಯೂ ಸೋರಿಕೆಯಿಲ್ಲ. ಹೀಟರು ಗಟ್ಟಿಯಾಗಿಯೇ ಇತ್ತು.

ಹಾಗಾದರೆ ಚಟ್ಟೆಂದದ್ದು ಯಾವುದು? ವಯರನ್ನು ಬೆರಳಲ್ಲಿ ಸವರುತ್ತ ಬಂದ. ಬಂಪರಿನ ಹಿಂದೆ ಕಬ್ಬಿಣದ ಅಂಚಿಗೆ ವರ್ಷಗಟ್ಟಲೆ ಉಜ್ಜಿ ವಯರಿನ ಮೈ ಸವೆದು ಹೋಗಿತ್ತು. ಒಳಗಿನ ಎರಡು ತಂತಿಗಳು ಒಂದಕ್ಕೊಂದು ತಾಗಿ, ನಿನ್ನೆ ಕರೆಂಟು ಬಂದ ಕ್ಷಣಕ್ಕೆ ಅಲ್ಲೇ ಸುಟ್ಟು ತುಂಡಾಗಿದ್ದವು. ಅವನು ಕೊಟ್ಟ ಎರಡು ಪಟ್ಟು ವೋಲ್ಟೇಜು ಹೀಟರಿನ ತನಕ ಮುಟ್ಟಿರಲೇ ಇಲ್ಲ. ವಯರು ಸರಿಯಿದ್ದಿದ್ದರೆ ಹೀಟರು ಅವನ ಕಣ್ಣೆದುರೇ ಸತ್ತುಹೋಗುತ್ತಿತ್ತು.

ಫಿಡೆಲಿಸ್ ರಟ್ಟಿನ ಮೇಲೆ ಅಂಗಾತ ಮಲಗಿದ ಹಾಗೆಯೇ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿದ. ಹಾಳಾದ ವಯರೊಂದು ತನ್ನ ಮಾನ ಉಳಿಸಿತು ಎಂದರೆ ಗ್ಯಾರೇಜಿನಲ್ಲಿ ಯಾರಿಗೂ ಅರ್ಥವಾಗದು, ಹಾಗಾಗಿ ಯಾರಿಗೂ ಹೇಳಲಿಲ್ಲ.

ಆಮೇಲಿನ ನಾಲ್ಕು ದಿನ ಅವನು ಶಾಲೆಯ ಹುಡುಗನ ಹಾಗೆ ಕಲಿತ. ಬೆಟ್ಟದ ಊರಿನ ಡ್ರೈವರನೊಬ್ಬ ಡಾಕ್ಟರಿಗೆ ಬರೆದು ಕಳಿಸಿದ ಚೀಟಿಯನ್ನು ಅವರು ಕನ್ನಡದಲ್ಲಿ ಓದಿ ಹೇಳಿದರು. ರೇಡಿಯೇಟರಿಗೆ ಬರೀ ನೀರು ಹಾಕಿದರೆ ಅದು ಮಂಜುಗಡ್ಡೆಯಾಗಿ ಹಿಗ್ಗಿ, ಬ್ಲಾಕನ್ನೇ ಸೀಳುತ್ತದೆ, ಹೆಪ್ಪುಗಟ್ಟದ ದ್ರವ ಬೆರೆಸಿದ ನೀರೇ ಬೇಕು. ಡೀಸೆಲ್ಲು ಕೂಡ ತುಪ್ಪದ ಹಾಗೆ ಗಟ್ಟಿಯಾಗುತ್ತದೆ, ಅದಕ್ಕೆ ಬೇರೆ ಔಷಧ ಬೆರೆಸಬೇಕು. ಎಣ್ಣೆ ತೆಳುವಾದದ್ದೇ ಬೇಕು. ಫಿಡೆಲಿಸ್ ಒಂದೊಂದನ್ನೂ ಮಾಡಿದ. ಹೊಸ ವಯರನ್ನು ರಬ್ಬರಿನ ಕೊಳವೆಯೊಳಗೆ ತೂರಿಸಿ, ಕಬ್ಬಿಣ ತಾಗದ ಹಾಗೆ ಕಟ್ಟಿದ. ವೋಲ್ಟೇಜನ್ನು ನೂರ ಹತ್ತಕ್ಕೆ ಇಳಿಸಲು ಕಟ್ಟಡ ಕೆಲಸದವರು ಡ್ರಿಲ್ಲಿಗೆ ಹಾಕುವ ಹಳದಿ ಟ್ರಾನ್ಸ್‌ಫಾರ್ಮರು ಒಂದನ್ನು ತಂದ. ಬೆಟ್ಟದ ಊರಿನ ಕರೆಂಟೂ ಇಲ್ಲಿನ ಹಾಗೆಯೇ ಇರುವುದರಿಂದ ಅದೂ ಟ್ರಕ್ಕಿನ ಜೊತೆಗೇ ಹೋಗಬೇಕಿತ್ತು.

ಪ್ಲಗ್ಗು ಹಾಕಿದಾಗ ಮೀಟರು ಏಳೂಮುಕ್ಕಾಲು ಆಂಪಿಯರು ತೋರಿಸಿತು. ಆದರೆ ಬ್ಲಾಕನ್ನು ಮುಟ್ಟಿದರೆ ಏನು ಗೊತ್ತಾಗಬೇಕು? ಶೆಡ್ಡಿನ ಸೆಕೆಗೆ ಅದು ಮೊದಲೇ ಕೈ ಸುಡುತ್ತಿತ್ತು.

“ಕರೆಂಟು ಎಳೀತದೆ ಡಾಕ್ಟ್ರೆ,” ಎಂದ ಅವನು, ಅವರು ಟ್ರಕ್ಕು ಒಯ್ಯಲು ಬಂದಾಗ. “ಆದ್ರೆ ಆ ಚಳಿಯಲ್ಲಿ ಸ್ಟಾರ್ಟ್ ಆಗ್ತದೆ ಅಂತ ನಾನು ಬಾಯಲ್ಲಿ ಹೇಳಿದ್ರೆ ಅದು ಸುಳ್ಳಾಗ್ತದೆ. ಆ ಚಳಿಯನ್ನು ನಾನು ಕಂಡದ್ದಿಲ್ಲ.”

“ಇಲ್ಲಿ ಆ ಚಳಿ ಎಲ್ಲಿಂದ ತರುದು?”

ಫಿಡೆಲಿಸನಿಗೆ ಉತ್ತರ ಹೊಳೆದದ್ದು ಮರುದಿನ, ಊದ್ ಮೇಥಾದ ಇಗರ್ಜಿಯಲ್ಲಿ ಪೂಜೆ ಮುಗಿಸಿ ಹೊರಗೆ ಬರುವಾಗ. ಮಲ್ಪೆ ತೊಟ್ಟಂನ ಗೇಬ್ರಿಯಲ್ ಎದುರಾದ. ಫಿಡೆಲಿಸನನ್ನು ಕೊಂಕಣಿಯಲ್ಲಿ ‘ಮಾಮ್’, ಮಾವ, ಎಂದೇ ಕರೆಯುವ ಅವನು ಮೀನಿನ ಕೋಲ್ಡ್ ಸ್ಟೋರೊಂದರ ಮ್ಯಾನೇಜರು. ಹೊಸದಾಗಿ ಕಟ್ಟಿದ ಒಂದು ದೊಡ್ಡ ಕೋಣೆಯನ್ನು ಮಾಲು ತುಂಬುವ ಮೊದಲು ಖಾಲಿಯಾಗಿಯೇ ತಣ್ಣಗೆ ಮಾಡುತ್ತಿದ್ದಾರೆ ಎಂದು ಮಾತಿಗೆ ಮಾತು ಬಂತು.

“ಎಷ್ಟು ತಣ್ಣಗೆ?”

“ಮೈನಸ್ ಇಪ್ಪತ್ತೈದು, ಫಿಡೆಲಿಸ್ ಮಾಮ್.”

“ಬಾಗಿಲು ಎಷ್ಟು ದೊಡ್ಡದು?”

ಗೇಬ್ರಿಯಲ್ ಮೊದಲು ಆಗುವುದಿಲ್ಲ ಎಂದ. ಡಾಕ್ಟರೇ ಬಂದು, ಆ ಕುದುರೆ ಮೇಲಿನ ಅಜ್ಜಿಯ ಕಥೆ ಹೇಳಿದ ಮೇಲೆ ತಲೆ ಕೆರೆದುಕೊಂಡು, ಮಾಲೀಕರನ್ನು ಕೇಳಿ, ಒಪ್ಪಿದ. ನಾಲ್ಕು ಷರತ್ತು ಹಾಕಿದ. ಟ್ರಕ್ಕನ್ನು ತೊಳೆದು ತರಬೇಕು. ಹೊಗೆಯ ಕೊಳವೆಗೆ ಉದ್ದದ ಪೈಪು ಹಾಕಿ ಹೊಗೆಯನ್ನು ಹೊರಗೇ ಬಿಡಬೇಕು, ಸ್ಟಾರ್ಟಾದ ಕೂಡಲೇ ಗಾಡಿ ಹೊರಗೆ ಹೋಗಬೇಕು. ಶನಿವಾರ ಹನ್ನೊಂದು ಗಂಟೆಗೆ ಮೀನಿನ ಮೊದಲ ಕಂಟೇನರು ಬರುತ್ತದೆ, ಅದಕ್ಕೆ ಮೊದಲು ಕೋಣೆ ಖಾಲಿಯಾಗಬೇಕು.

ಗುರುವಾರ ಮಧ್ಯಾಹ್ನ ಟ್ರಕ್ಕನ್ನು ಒಳಗೆ ನಿಲ್ಲಿಸಿ ಬಾಗಿಲು ಹಾಕಿದರು. ಎಂಜಿನ್ನಿನ ಎಲುಬಿಗೂ ಚಳಿ ಇಳಿಯಲಿ ಎಂದು ಹೀಟರು ಹಾಕದೆ ಹಾಗೆಯೇ ಬಿಟ್ಟರು.

ಶನಿವಾರ ಬೆಳಿಗ್ಗೆ ಆರು ಗಂಟೆಗೆ, ಗೇಬ್ರಿಯಲ್ ಕೊಟ್ಟ ದಪ್ಪ ಕೋಟು, ಟೊಪ್ಪಿ, ಕೈಗವಸು ತೊಟ್ಟು ಮೂವರೂ ಒಳಗೆ ಹೋದರು. ಬಾಗಿಲು ದಾಟಿದ ಮೊದಲ ಉಸಿರಿಗೇ ಫಿಡೆಲಿಸ್ ನಿಂತುಬಿಟ್ಟ. ಮೂಗಿನ ಒಳಗಿನ ಕೂದಲು ಪಟಪಟನೆ ಗಟ್ಟಿಯಾಯಿತು. ಉಸಿರು ಒಳಗೆ ಹೋಗುವ ದಾರಿಯಲ್ಲೆಲ್ಲ ಎಲ್ಲೆಲ್ಲಿ ಹೋಗುತ್ತಿದೆ ಎಂದು ಹೇಳಿಕೊಂಡೇ ಹೋಯಿತು. ಟ್ರಕ್ಕು ಬೇರೆಯೇ ವಸ್ತುವಾಗಿತ್ತು. ಗಾಜು, ಕನ್ನಡಿ, ಟೈರಿನ ಗೆರೆಗಳು, ಒಂದೊಂದು ಬೋಲ್ಟಿನ ತಲೆ, ಎಲ್ಲದರ ಮೇಲೂ ಬಿಳಿಯ ಹುಡಿ ಸಣ್ಣ ಸಣ್ಣ ಗರಿಗಳಾಗಿ ಎದ್ದು ನಿಂತಿತ್ತು. ಇದು ಈ ಗಾಡಿ ಹುಟ್ಟಿ ಬೆಳೆದ ಹವೆ, ಇಲ್ಲಿ ಪರಕೀಯರು ನಾವೇ ಎಂದು ಅವನಿಗನ್ನಿಸಿತು.

“ಮೊದಲು ಹೀಟರಿಲ್ಲದೆ ನೋಡುವ,” ಎಂದ.

ಕೀಲಿ ತಿರುಗಿಸಿದ. ಎಂಜಿನ್ನು ಒಮ್ಮೆ ನರಳಿತು. ಇನ್ನೊಮ್ಮೆ, ಮೊದಲಿಗಿಂತ ನಿಧಾನವಾಗಿ. ಮೂರನೆಯ ಸಲಕ್ಕೆ ಬರೀ ಟಿಕ್ ಎಂಬ ಸದ್ದು. ದೀಪಗಳು ಮಂಕಾದವು. ಫಿಡೆಲಿಸ್ ಡಾಕ್ಟರ ಕಡೆ ನೋಡಿದ. ಅವರು ಮುಖ ಬೇರೆ ಕಡೆಗೆ ತಿರುಗಿಸಿದ್ದರು.

“ಇದೇ ಶಬ್ದ,” ಎಂದರು ಮೆಲ್ಲಗೆ. “ಆ ದಿನ ಬೆಳಿಗ್ಗೆ ಇದೇ ಶಬ್ದ ಕೇಳಿದ್ದು.”

ಫಿಡೆಲಿಸ್ ಬ್ಯಾಟರಿ ಬಿಚ್ಚಿ, ಗೇಬ್ರಿಯಲನ ಆಫೀಸಿಗೆ ಒಯ್ದು ಚಾರ್ಜಿಗೆ ಇಟ್ಟ. ಹಳದಿ ಟ್ರಾನ್ಸ್‌ಫಾರ್ಮರಿಗೆ ಹೀಟರಿನ ಪ್ಲಗ್ಗು ಹಾಕಿದ. ಕೋಣೆಯ ಗಾಳಿ ನೇರ ಬಡಿಯದ ಹಾಗೆ ಬಾನೆಟ್ಟಿನ ಮೇಲೆ ಎರಡು ಕಂಬಳಿ ಹೊದೆಸಿದ. ಆಗ ಆರೂವರೆ.

ಏಳಕ್ಕೆ ಹೋಗಿ ಕೈಗವಸು ಕಳಚಿ ಬ್ಲಾಕಿನ ಹತ್ತಿರ ಕೈ ಹಿಡಿದ. ಏನೂ ಇಲ್ಲ. ಏಳೂವರೆಗೂ ಇಲ್ಲ. ಮೀಟರು ನೋಡಿದರೆ ಕರೆಂಟು ಸರಿಯಾಗಿಯೇ ಹೋಗುತ್ತಿತ್ತು. ಎಂಟಕ್ಕೂ ಬ್ಲಾಕು ಬಿಳಿಯಾಗಿಯೇ ಇತ್ತು. ಇಷ್ಟು ದೊಡ್ಡ ಕಬ್ಬಿಣದ ಗುಡ್ಡೆ, ಅದರ ಸುತ್ತ ಇಷ್ಟು ಚಳಿ, ಒಳಗೆ ಇಸ್ತ್ರಿಪೆಟ್ಟಿಗೆಯಷ್ಟು ಬಿಸಿ. ಇದರಿಂದ ಆಗುವುದುಂಟೇ?

“ಎಂತ ಮಾಮ್, ಆಗುದಿಲ್ವಾ?” ಎಂದ ಗೇಬ್ರಿಯಲ್, ಗಡಿಯಾರ ನೋಡುತ್ತ.

“ಸ್ವಲ್ಪ ನಿಲ್ಲು.”

ಫಿಡೆಲಿಸ್ ಉದ್ದದ ಸ್ಕ್ರೂಡ್ರೈವರು ತಂದ. ಎಂಜಿನ್ನಿನ ಬೇರಿಂಗು ಹಾಳಾಗಿದೆಯೋ ಎಂದು ಕೇಳುವಾಗ ಮಾಡುವಂತೆ ತುದಿಯನ್ನು ಬ್ಲಾಕಿಗೆ ಒತ್ತಿ, ಹಿಡಿಯನ್ನು ಟೊಪ್ಪಿಯ ಒಳಗೆ ಕಿವಿಗಾನಿಸಿದ. ಕೋಣೆಯ ಫ್ಯಾನುಗಳ ಸದ್ದಿನ ಕೆಳಗೆ, ಕಬ್ಬಿಣದ ಒಳಗಿನಿಂದ, ಒಂದು ಸಣ್ಣ ಸೀಟಿ ಬರುತ್ತಿತ್ತು. ಒಲೆಯ ಮೇಲಿಟ್ಟ ನೀರು ಕುದಿಯುವ ಮೊದಲು ಹಾಡುವ ಹಾಗೆ. ಅವನು ಕಣ್ಣು ಮುಚ್ಚಿದ. ಎಷ್ಟೋ ಸಾವಿರ ಎಂಜಿನ್ನುಗಳ ಸದ್ದು ಕೇಳಿದ್ದ, ಎಲ್ಲವೂ ಓಡುವ ಎಂಜಿನ್ನುಗಳು. ನಿಂತ ಎಂಜಿನ್ನು ಸದ್ದು ಮಾಡುವುದನ್ನು ಕೇಳಿದ್ದು ಇದೇ ಮೊದಲು.

“ಡಾಕ್ಟ್ರೆ, ಇಲ್ಲಿ ಬನ್ನಿ. ಕೇಳಿ.”

ಹಫೀಝಾ ಬಗ್ಗಿ ಕಿವಿಯಿಟ್ಟರು. ಆಸ್ಪತ್ರೆಯಲ್ಲಿ ರೋಗಿಯ ಎದುರು ನಿಲ್ಲುವ ಹಾಗೆ ಉಸಿರು ಬಿಗಿಹಿಡಿದು ನಿಂತರು. ಆಮೇಲೆ ತಲೆಯೆತ್ತಿ ಸ್ಕ್ರೂಡ್ರೈವರನ್ನು ಗೇಬ್ರಿಯಲನ ಕೈಗೆ ಕೊಟ್ಟರು. ಅವನೂ ಕೇಳಿದ. ಗಡಿಯಾರ ನೋಡುವುದನ್ನು ಬಿಟ್ಟ.

ಎಂಟೂಮುಕ್ಕಾಲಿಗೆ ಹಿತ್ತಾಳೆಯ ಮುಖದ ಸುತ್ತ ಒಂದು ದಿರ್ಹಮ್ ನಾಣ್ಯದಷ್ಟು ಜಾಗದಲ್ಲಿ ಬಿಳಿ ಹುಡಿ ಕರಗಿ ಕಪ್ಪು ಕಬ್ಬಿಣ ಕಂಡಿತು. ಒಂಬತ್ತಕ್ಕೆ ಅದು ಅಂಗೈಯಷ್ಟಾಯಿತು. ಅಲ್ಲಿಂದ ಮುಂದೆ ಅವರು ಹೊರಗೆ ಹೋಗಲೇ ಇಲ್ಲ. ಕಾಲ ಬೆರಳುಗಳು ಮರಗಟ್ಟಿದರೂ ಕಂಬಳಿಯ ಅಂಚು ಎತ್ತಿ ಎತ್ತಿ ನೋಡಿದರು. ಆ ಒದ್ದೆಯ ಗುರುತು ಒಂದು ಸಿಲಿಂಡರಿನಿಂದ ಮುಂದಿನ ಸಿಲಿಂಡರಿಗೆ, ಅಲ್ಲಿಂದ ಮುಂದಿನದಕ್ಕೆ ಹರಿಯಿತು. ಯಾರೂ ತಳ್ಳುವವರಿಲ್ಲ, ಪಂಪು ತಿರುಗುತ್ತಿಲ್ಲ. ಬಿಸಿಯಾದ ನೀರು ತಾನಾಗಿ ಮೇಲೆ ಹೋಗಿ, ತಣ್ಣಗಿನದು ತಾನಾಗಿ ಕೆಳಗೆ ಬಂದು, ಸತ್ತಂತೆ ಬಿದ್ದಿದ್ದ ಕಬ್ಬಿಣದೊಳಗೆ ತಿರುಗಾಡುತ್ತಿತ್ತು. ಹತ್ತೂವರೆಗೆ ಬ್ಲಾಕಿನ ಮೇಲೆ ಒಂದು ಹನಿ ನೀರು ಜಾರಿ, ಕೆಳಗಿನ ನೆಲ ಮುಟ್ಟುವಷ್ಟರಲ್ಲಿ ಮತ್ತೆ ಗಡ್ಡೆಯಾಯಿತು.

ಫಿಡೆಲಿಸ್ ಬರಿಗೈಯನ್ನು ಬ್ಲಾಕಿನ ಮೇಲಿಟ್ಟ. ಉಗುರು ಬೆಚ್ಚಗೆ. ಜ್ವರ ಬಿಟ್ಟ ಮಗುವಿನ ಹಣೆಯಷ್ಟೇ ಬಿಸಿ. ಕೈ ತೆಗೆಯಲು ಮನಸ್ಸಾಗಲಿಲ್ಲ. ಬದುಕಿನುದ್ದಕ್ಕೂ ಅವನು ಬಿಸಿಯನ್ನು ಕಂಡರೆ ದೂರ ಓಡಿದವನು. ಅದು ಇಷ್ಟು ಒಳ್ಳೆಯದೆಂದು ಅವನಿಗೆ ತಿಳಿಯಲು ಈ ಕೋಣೆ ಬೇಕಾಯಿತು.

“ಹತ್ತು ಐವತ್ತು ಮಾಮ್,” ಎಂದ ಗೇಬ್ರಿಯಲ್. ಈಗ ಅವನ ದನಿಯಲ್ಲಿ ಅವಸರಕ್ಕಿಂತ ಭಯವೇ ಹೆಚ್ಚಿತ್ತು. “ಕಂಟೇನರು ಗೇಟಿಗೆ ಬಂದಾಯ್ತು.”

ಬ್ಯಾಟರಿ ತಂದು ಕೂರಿಸಿದರು. ಹೀಟರಿನ ಪ್ಲಗ್ಗು ಕಳಚಿ, ಕಂಬಳಿ ತೆಗೆದು, ಪೈಪು ಸರಿಯಿದೆಯೇ ನೋಡಿದರು. ಗೇಬ್ರಿಯಲ್ ಬಾಗಿಲ ಗುಂಡಿಯ ಮೇಲೆ ಕೈಯಿಟ್ಟು ನಿಂತ. ಫಿಡೆಲಿಸ್ ಡ್ರೈವರ್ ಸೀಟಿಗೆ ಹತ್ತಿದ. ಸೀಟು ಹಲಗೆಯಷ್ಟು ಗಟ್ಟಿ. ಕೀಲಿ ಅರ್ಧ ತಿರುಗಿಸಿ, ಮುಂದಿನ ಕೆಂಪು ದೀಪ ಆರುವ ತನಕ ಕಾದ. ಕೆಳಗೆ ಡಾಕ್ಟರು ಎರಡೂ ಕೈ ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ಕೀಲಿ ಪೂರ್ತಿ ತಿರುಗಿಸಿದ.

ಎಂಜಿನ್ನು ಒಂದು ಸುತ್ತು ಸುತ್ತಿತು. ಎರಡು, ಮೂರು. ನಾಲ್ಕನೆಯದಕ್ಕೆ ಎಲ್ಲೋ ಒಂದು ಸಿಲಿಂಡರು ಢಬ್ಬೆಂದಿತು. ಅದರ ಹಿಂದೆ ಇನ್ನೊಂದು. ಮತ್ತೆ ಎಲ್ಲವೂ ಒಟ್ಟಿಗೆ ಹಿಡಿದುಕೊಂಡು, ಇಡೀ ಟ್ರಕ್ಕು ಮೈ ಕೊಡವಿಕೊಂಡಿತು. ಗಾಜಿನ ಮೇಲಿದ್ದ ಬಿಳಿ ಗರಿಗಳು ಪೊರೆಪೊರೆಯಾಗಿ ಉದುರಿದವು. ಎಂಜಿನ್ನು ಓಡುತ್ತಿತ್ತು!

“ಯಲ್ಲಾ, ಬೇಗ ಮಾಮ್, ಹೊರಗೆ, ಹೊರಗೆ!” ಗೇಬ್ರಿಯಲ್ ಕೂಗಿ, ಹೊಗೆಯ ಪೈಪು ಎಳೆದು ತೆಗೆದ. ಬಾಗಿಲು ಮೇಲಕ್ಕೆದ್ದಿತು. ಹೊರಗಿನ ಬಿಸಿಗಾಳಿ ಒಳಗಿನ ಚಳಿಗೆ ಬಡಿದು ಬಾಗಿಲಲ್ಲಿ ಬಿಳಿಯ ಮೋಡವೊಂದು ಎದ್ದಿತು. ಫಿಡೆಲಿಸ್ ಏನೂ ಕಾಣದೆ, ಗೇಬ್ರಿಯಲನ ದನಿಯನ್ನೇ ನಂಬಿ, ಆ ಮೋಡದ ನಡುವೆ ಟ್ರಕ್ಕನ್ನು ನಡೆಸಿಕೊಂಡು ಆಗಸ್ಟಿನ ಬಿಸಿಲಿಗೆ ಬಂದ. ಹೊರಗೆ ನಲವತ್ತಮೂರು ಡಿಗ್ರಿ. ಟ್ರಕ್ಕಿನ ಮೈಯೆಲ್ಲ ಹೊಗೆಯಾಡಿತು, ಆಮೇಲೆ ನೀರಿಳಿಯಿತು. ತಾರು ರಸ್ತೆಯ ಮೇಲೆ ಅದರ ಸುತ್ತ ಒಂದು ಕೆರೆಯೇ ಆಯಿತು. ಕಂಟೇನರಿನ ಪಠಾಣ ಡ್ರೈವರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಬಾಯಿ ತೆರೆದು ನೋಡುತ್ತಿದ್ದ.

ಫಿಡೆಲಿಸ್ ಇಳಿದ. ಡಾಕ್ಟರು ಹೊರಗೆ ಬಂದು ಕೋಟು ಬಿಚ್ಚದೆ ಬಿಸಿಲಲ್ಲೇ ನಿಂತು ಅಳುತ್ತ ನಗುತ್ತಿದ್ದರು.

“ಎಷ್ಟು ಗಂಟೆ ಹಾಕಬೇಕು ಅಂತ ಬರೆದು ಕೊಡಿ ಫಿಡೆಲಿಸಣ್ಣ,” ಎಂದರು.

“ನಾಲ್ಕು ಗಂಟೆ, ಇಪ್ಪತ್ತು ನಿಮಿಷ,” ಎಂದ ಅವನು. “ಅಲ್ಲಿ ಐದು ಹಾಕಿ. ಕಂಬಳಿ ಮರೀಬೇಡಿ.”

ಸೆಪ್ಟೆಂಬರಿನಲ್ಲಿ ಟ್ರಕ್ಕು ಹಡಗು ಹತ್ತಿತು. ಫಿಡೆಲಿಸ್ ಮತ್ತೆ ರೇಡಿಯೇಟರು, ಏಸಿಗಳ ನಡುವೆ ಬಿದ್ದ. ಜನವರಿಯ ಒಂದು ಮಧ್ಯಾಹ್ನ ಅವನ ಫೋನಿನಲ್ಲಿ ಡಾಕ್ಟರ ವಿಡಿಯೋ ಕಾಲ್ ಬಂತು. ಅವನು ಕೈ ಒರಸಿಕೊಂಡು ಎತ್ತಿದ. ಪರದೆಯ ತುಂಬ ಬಿಳುಪು. ಬೆಟ್ಟ ಯಾವುದು, ಆಕಾಶ ಯಾವುದು ಗೊತ್ತಾಗದಷ್ಟು. ಅದರ ನಡುವೆ ಆ ಟ್ರಕ್ಕು, ಹಿಂದಿನ ಬಾಗಿಲು ತೆರೆದುಕೊಂಡು, ಮೆಟ್ಟಿಲ ಬುಡದಲ್ಲಿ ಉದ್ದದ ಜನಸಾಲು.

“ಮೈನಸ್ ಮೂವತ್ತೊಂದು, ಫಿಡೆಲಿಸಣ್ಣ. ಎರಡನೇ ಸುತ್ತಿಗೇ ಸ್ಟಾರ್ಟ್. ಹನ್ನೆರಡು ದಿನದಿಂದ ಒಂದು ಬೆಳಿಗ್ಗೆಯೂ ತಪ್ಪಲಿಲ್ಲ.”

ಗ್ಯಾರೇಜಿನವರೆಲ್ಲ ಅವನ ಹೆಗಲ ಮೇಲಿಂದ ಇಣುಕಿದರು. ಯಾರೂ ನಗಲಿಲ್ಲ.

ಡಾಕ್ಟರು ಫೋನನ್ನು ಪಕ್ಕಕ್ಕೆ ತಿರುಗಿಸಿದರು. ತುಪ್ಪಳದ ಟೊಪ್ಪಿ ತೊಟ್ಟ ಮುದುಕರೊಬ್ಬರು ಕುರ್ಚಿಯಲ್ಲಿ ಕೂತಿದ್ದರು. ಆಗಷ್ಟೇ ಅವರ ಬಲಗಣ್ಣಿನ ಪಟ್ಟಿ ಬಿಚ್ಚಿದ್ದರು. ಆರು ವರ್ಷದಿಂದ ಅವರಿಗೆ ಬೆಳಕು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲವಂತೆ. ಡಾಕ್ಟರು ಅವರಿಗೆ ಏನೋ ಹೇಳಿ ಟ್ರಕ್ಕನ್ನೂ ಫೋನನ್ನೂ ತೋರಿಸಿದರು. ಮುದುಕರು ಫೋನನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮುಖಕ್ಕೆ ತೀರಾ ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದರು. ಅಷ್ಟು ಹತ್ತಿರದಿಂದ, ಅಷ್ಟು ಗಮನ ಕೊಟ್ಟು, ಫಿಡೆಲಿಸನನ್ನು ಯಾರೂ ನೋಡಿದ್ದಿಲ್ಲ. ಅವನು ಅಲುಗದೆ ನಿಂತ. ಆಮೇಲೆ ಮುದುಕರು ಏನೋ ಹೇಳಿದರು. ಸುತ್ತಲಿದ್ದವರೆಲ್ಲ ನಕ್ಕರು.

“ಎಂತ ಹೇಳಿದ್ರು ಡಾಕ್ಟ್ರೆ?”

“ನಿಮ್ಮ ಮೀಸೆಯ ಎಡಬದಿ ಬೆಳ್ಳಗಾಗಿದೆ, ಬಲಬದಿ ಇನ್ನೂ ಕಪ್ಪುಂಟು ಅಂತೆ.”

ಫಿಡೆಲಿಸ್ ಮೀಸೆಯ ಮೇಲೆ ಕೈಯಿಟ್ಟುಕೊಂಡ. ಹಾಗೆಯೇ ಇತ್ತು ಅದು.